ಹನ್ನೊಂದು ವರ್ಷ ಮೇಷ್ಟ್ರಿಗೆ ಲೆಕ್ಕ ಓದಿದವರು

"ಬಾಗಿಲು ತೆಗಿ. ಎಕ್ಸ್ ಪ್ಲಸ್ ಮೂರು. ಬಾಗಿಲು ಹಾಕು. ಬಾಗಿಲಿನ ತಲೆ ಮೇಲೆ ಎರಡು. ಸಮ... ಎಕ್ಸ್ ತಲೆ ಮೇಲೆ ಎರಡು, ಪ್ಲಸ್ ಒಂಬತ್ತು. ಮುಗೀತು! ಅಯ್ಯೋ ನನ್ನ ಕರ್ಮವೇ, ಮಧ್ಯದ ಆರು ಎಕ್ಸ್ ಎಲ್ಲಿಗೆ ಹೋಯ್ತೋ? ನಿನ್ನೆಯಿಂದ ಇವನು ಒಂಬತ್ತನೆಯವನು, ಅದನ್ನ ನುಂಗಿ ನೀರು ಕುಡಿದಿರೋದು."

ಬೆಳಗಿನ ಐದು ಇಪ್ಪತ್ತು. ಅಡುಗೆಮನೆಗೆ ತಾಗಿದ ಪುಟ್ಟ ಕೋಣೆ. ಮೇಜಿನ ಎಡಕ್ಕೆ ಓದಬೇಕಾದ ನೋಟ್‌ಬುಕ್ಕುಗಳು, ಬಲಕ್ಕೆ ಓದಿ ಮುಗಿದವು, ನಡುವೆ ಕೆಂಪು ಪೆನ್ನು ಮತ್ತು ಆರಿಹೋದ ಕಾಫಿ. ಓದುತ್ತಿರುವವರಿಗೆ ಅರವತ್ತೊಂದು ವರ್ಷ. ಎದುರಿಗೆ ಕೂತು ಕೇಳಿಸಿಕೊಳ್ಳುತ್ತಿರುವವರಿಗೆ ಇಪ್ಪತ್ತೆಂಟು. ಕೇಳುವವರು ಇದೇ ಬಡಾವಣೆಯ ಪ್ರೌಢಶಾಲೆಯ ಗಣಿತದ ಹೊಸ ಮೇಡಂ. ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲ. ಓದುವವರು ಅದೇ ಶಾಲೆಯಲ್ಲಿ ಅದೇ ಗಣಿತ ಕಲಿಸಿ ನಿವೃತ್ತರಾಗಿ, ನಾಲ್ಕು ತಿಂಗಳ ಹಿಂದೆ ತೀರಿಕೊಂಡ ಮೇಷ್ಟ್ರ ಹೆಂಡತಿ.

ಮೇಷ್ಟ್ರ ಹೆಂಡತಿ ಎಂದು ಬರೆಯುವಾಗಲೇ ನನಗೆ ಕಿರಿಕಿರಿಯಾಗುತ್ತಿದೆ, ಏಕೆಂದರೆ ಈ ಬೀದಿಯಲ್ಲಿ ಅವರಿಗೆ ಬೇರೆ ಗುರುತೇ ಇಲ್ಲ. ಮೂಲೆಯ ಅಂಗಡಿಯಲ್ಲಿ ಮನೆ ಕೇಳಿದೆ: "ಮೇಷ್ಟ್ರ ಹೆಂಡತೀನಾ? ಆ ಹಸಿರು ಗೇಟು." ಹಾಲಿನವರನ್ನು ಕೇಳಿದೆ, ಅದೇ ಉತ್ತರ. ಅಷ್ಟೇಕೆ, ನನ್ನ ಸಂಪಾದಕರು ನನ್ನನ್ನು ಕಳಿಸಿದ್ದೂ ಮೇಷ್ಟ್ರ ನೆನಪಿನ ಲೇಖನಕ್ಕೆ. "ಹೆಂಡತಿ ಹತ್ರ ಎರಡು ಮಾತು ತಗೊಂಡು ಬನ್ನಿ, ಸಾಕು" ಎಂದಿದ್ದರು. ನಾನೂ ಎರಡು ಮಾತು ತಗೊಂಡು ಏಳು ಗಂಟೆಯೊಳಗೆ ಹೊರಡುವ ಲೆಕ್ಕಾಚಾರದಲ್ಲಿಯೇ ಬಂದೆ.

ಆದರೆ ಈ ಮಹಾತಾಯಿ ಓದುವುದನ್ನು ನಿಲ್ಲಿಸಿದರೆ ತಾನೇ? ಒಂದು ಪ್ರಶ್ನೆ ಕೇಳಿದರೆ ಕೈ ಎತ್ತಿ ತಡೆಯುತ್ತಾರೆ. "ತಡೀರಿ, ಇವಳು ಬಾಗಿಲು ತೆಗೆದು ಹಾಕೋದೇ ಮರೆತಿದಾಳೆ." ಬಾಗಿಲು ಎಂದರೆ ಆವರಣ ಚಿಹ್ನೆ. ವರ್ಗಮೂಲದ ಗುರುತು ಅವರ ಭಾಷೆಯಲ್ಲಿ ಚಾವಣಿ. "ಚಾವಣಿ ಕೆಳಗೆ ಐದು" ಅಂದರೆ ಐದರ ವರ್ಗಮೂಲ. ಥೀಟಾ ಎಂದರೆ ಬೆಲ್ಟು ಕಟ್ಟಿದ ಸೊನ್ನೆ. ಪೈ ಎಂದರೆ ಸ್ಟೂಲು. ಮೊದಲ ಹತ್ತು ನಿಮಿಷ ನನಗೆ ತಲೆಬುಡ ತಿಳಿಯಲಿಲ್ಲ. ಹೊಸ ಮೇಡಂ ಮಾತ್ರ ಒಂದು ಸಲವೂ ತಡವರಿಸದೆ ಹೇಳುತ್ತಿದ್ದಾರೆ: "ಮೂರನೇ ಸಾಲಿಗೆ ಚುಕ್ಕಿ ಇಡಿ ಅಮ್ಮ. ಮುಂದೆ."

ಸ್ಟೂಲು ಎಂದ ಕೂಡಲೇ ನನಗೆ ಎಲ್ಲೋ ಕೇಳಿದ ನೆನಪು. ಚೀಲದಲ್ಲಿದ್ದ ಸ್ಮರಣ ಸಂಚಿಕೆಯ ಕರಡು ತೆಗೆದು ನೋಡಿದೆ. ಹಳೆಯ ವಿದ್ಯಾರ್ಥಿಗಳ ಸಂಘ ಅಚ್ಚಿಗೆ ಕಳಿಸುವ ಮೊದಲು ನನಗೊಂದು ಪ್ರತಿ ಕೊಟ್ಟಿತ್ತು. ಹದಿನಾಲ್ಕನೇ ಪುಟದಲ್ಲಿ ಎಂಜಿನಿಯರ್ ಒಬ್ಬರು ಬರೆದಿದ್ದಾರೆ: 'ವೃತ್ತದ ವಿಸ್ತೀರ್ಣ ಸ್ಟೂಲು ಆರ್ ಸ್ಕ್ವೇರ್ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಾಗ ಇಡೀ ತರಗತಿ ನಕ್ಕಿತ್ತು. ಗಣಿತದ ಹೆದರಿಕೆ ಅಂದೇ ಹೋಯಿತು. ಎಂಥ ಕಲ್ಪನಾಶಕ್ತಿ!'

ಅದನ್ನು ಓದಿ ಹೇಳಿದೆ. ಅವರು ಕೆಂಪು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು.

"ಅವರ ಕಲ್ಪನಾಶಕ್ತಿ! ಆ ಸ್ಟೂಲು ನಂದು ಕಣ್ರೀ. ನನಗೆ ಅದರ ಹೆಸರು ಗೊತ್ತಿರಲಿಲ್ಲ. ಮೇಲೊಂದು ಹಲಗೆ, ಕೆಳಗೆ ಎರಡು ಕಾಲು, ಸ್ಟೂಲು ಥರ ಇದೆ ರೀ ಅಂದೆ. ಇವರು ನಗಾಡ್ಕೊಂಡು ಹೋಗಿ ಕ್ಲಾಸಲ್ಲಿ ಬಾಯಿ ತಪ್ಪಿ ಅದನ್ನೇ ಹೇಳಿಬಿಟ್ರು. ಮನೆಗೆ ಬಂದು ನನ್ನನ್ನೇ ಬೈದ್ರು. ಈಗ ನೋಡಿ, ಪುಸ್ತಕದಲ್ಲಿ ಬಂದಿದೆಯಂತೆ!"

ನನ್ನ ಲೇಖನ ಹಳಿ ತಪ್ಪಿದ್ದು ಅಲ್ಲಿಗೇ.

ವಿಷಯ ಇಷ್ಟು. ನಿವೃತ್ತಿಗೆ ಹನ್ನೊಂದು ವರ್ಷ ಇರುವಾಗ ಮೇಷ್ಟ್ರ ಕಣ್ಣಿನ ನಡುಭಾಗ ಮಸುಕಾಗತೊಡಗಿತು. ಅಂಚಿನಲ್ಲಿ ಒಂದಷ್ಟು ಕಾಣುತ್ತಿತ್ತು, ನಡೆದಾಡಬಹುದಿತ್ತು. ದೊಡ್ಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಯಲೂ ಬಹುದಿತ್ತು. ಆದರೆ ಓದಲು ಆಗುತ್ತಿರಲಿಲ್ಲ, ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಇದು ಸರಿಹೋಗುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಶಾಲೆಗೆ ಗೊತ್ತಾದರೆ ತರಗತಿಯಿಂದ ಎತ್ತಿ ಯಾವುದೋ ಕಚೇರಿಯ ಮೂಲೆಯಲ್ಲಿ ಕೂರಿಸುತ್ತಾರೆ ಎಂಬುದು ಮೇಷ್ಟ್ರ ಭಯ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತರಂತೆ. ಕ್ಲಾಸಿಲ್ಲದೆ ನಾನು ಏನು ಮಾಡಲಿ ಎಂದರಂತೆ.

"ಅಳೋ ಗಂಡಸನ್ನ ಇಟ್ಕೊಂಡು ಆಟೋ ಹುಡುಕೋದು ಹೇಗೆ ಹೇಳಿ? ಆಯ್ತು ಏಳಿ, ನಾನು ಓದಿ ಹೇಳ್ತೀನಿ ಅಂದೆ. ಆ ಹೊತ್ತಿಗೆ ಅವರನ್ನ ಮೆಟ್ಟಿಲಿಂದ ಎಬ್ಬಿಸಿದ್ರೆ ಸಾಕಾಗಿತ್ತು ನನಗೆ. ಹನ್ನೊಂದು ವರ್ಷ ಹಿಡಿಯುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಇನ್ನೊಂದು ಮಾತು. ಇವರು ಓದಿದ್ದು ಒಂಬತ್ತನೇ ತರಗತಿ. ಅಲ್ಲಿಗೆ ನಿಂತದ್ದಕ್ಕೆ ಕಾರಣ, ಗಣಿತದಲ್ಲಿ ಫೇಲು.

ಅಂದಿನಿಂದ ಬೆಳಗಿನ ನಾಲ್ಕೂವರೆಗೆ ಏಳುವುದು ಶುರುವಾಯಿತು. ಮೂರು ವಿಭಾಗ, ನೂರಿಪ್ಪತ್ತಾರು ಮಕ್ಕಳು. ದಿನಕ್ಕೆ ನಲವತ್ತು ನೋಟ್‌ಬುಕ್ಕು, ಆರೂವರೆಯವರೆಗೆ. ಇವರು ಸಾಲು ಸಾಲಾಗಿ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ತಪ್ಪು ಬಂದ ಕಡೆ ಇವರು ಅವರ ಬೆರಳು ಹಿಡಿದು ಸಾಲಿನ ಪಕ್ಕ ಇಡುವುದು, ಅವರು ಅಲ್ಲಿ ಒಂದು ಕೆಂಪು ಚುಕ್ಕಿ ಹಾಕುವುದು. ಅಡ್ಡಗೀಟು ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಚುಕ್ಕಿ ಇಟ್ಟರೆ ತಪ್ಪು ಏನೆಂದು ಮಕ್ಕಳೇ ಹುಡುಕಬೇಕು ಎಂಬುದು ಅವರ ಪದ್ಧತಿ, ಕಣ್ಣು ಚೆನ್ನಾಗಿದ್ದಾಗಿನಿಂದಲೂ. ಕೊನೆಗೆ ಸಹಿ, ಅದೂ ಅವರದೇ ಕೈಯಲ್ಲಿ. ನಾನು ಅಲ್ಲೇ ಕೂತು ಗುಣಿಸಿದೆ: ವರ್ಷಕ್ಕೆ ಇನ್ನೂರು ದಿನ ಹಿಡಿದರೂ ಎಂಬತ್ತೆಂಟು ಸಾವಿರ ನೋಟ್‌ಬುಕ್ಕು. ಹೇಳಿದಾಗ ಅವರು ಮುಖ ಸಿಂಡರಿಸಿದರು. "ಸುಮ್ನಿರಿ, ಎಣಿಸಬೇಡಿ. ಈಗಲೇ ಗಂಟಲು ನೋವು ಬರುತ್ತೆ."

ಬೋರ್ಡ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮಾತ್ರ ಮೇಷ್ಟ್ರು ಒಂದು ಸಲವೂ ಮುಟ್ಟಲಿಲ್ಲ. ಪ್ರತಿ ವರ್ಷ ಮೌಲ್ಯಮಾಪನದ ವಾರಕ್ಕೆ ಸರಿಯಾಗಿ ಅವರಿಗೆ ಸೊಂಟ ಹಿಡಿಯುತ್ತಿತ್ತು. ಅದು ಬೇರೆ ಯಾರದೋ ಕೈಯಲ್ಲಿ ತಿದ್ದಿಸುವ ವಿಷಯವಲ್ಲ ಎಂದು ಇಬ್ಬರೂ ಮೊದಲ ದಿನವೇ ತೀರ್ಮಾನಿಸಿದ್ದರಂತೆ. "ಸೊಂಟಕ್ಕೆ ಎಣ್ಣೆ ಹಚ್ಕೊಂಡು ಮಲಗೋರು, ಯಾರಾದ್ರೂ ನೋಡೋಕೆ ಬಂದ್ರೆ ನರಳೋರು. ನಾಟಕ ಆಡೋದ್ರಲ್ಲಿ ಎತ್ತಿದ ಕೈ. ನಾನೇ ಒಂದೊಂದ್ಸಲ ನಂಬಿಬಿಡ್ತಿದ್ದೆ."

ಕರಡನ್ನು ಮುಂದೆ ಓದಲು ನನಗೆ ಧೈರ್ಯ ಬರಲಿಲ್ಲ. ಆದರೆ ಹೊಸ ಮೇಡಂ ಬಿಡಲಿಲ್ಲ. "ಓದಿ ಸಾರ್, ಅಮ್ಮ ಬೈಯೋದು ಕೇಳೋಕೆ ಚೆನ್ನಾಗಿರುತ್ತೆ" ಎಂದು ಕಿಚಾಯಿಸಿದರು. ಓದಿದೆ. 'ಮೇಷ್ಟ್ರು ಎಂಥ ಸಂಸಾರವಂದಿಗ ಎಂದರೆ, ಸಂಜೆ ಶಾಲೆ ಬಿಟ್ಟರೆ ಒಂದು ನಿಮಿಷ ಎಲ್ಲೂ ನಿಲ್ಲುತ್ತಿರಲಿಲ್ಲ. ನೇರ ಮನೆಗೆ.'

"ಕತ್ತಲಾದ್ರೆ ಚರಂಡಿ ಯಾವುದು ರಸ್ತೆ ಯಾವುದು ಗೊತ್ತಾಗ್ತಿರಲಿಲ್ಲ. ಮನೆಗೆ ಬರದೆ ಎಲ್ಲಿ ಹೋಗ್ತಾರೆ?"

'ಒಮ್ಮೆ ಮೇಷ್ಟ್ರು ಇಡೀ ತರಗತಿಯ ಎದುರು ಒಬ್ಬ ಹುಡುಗಿಯ ಕ್ಷಮೆ ಕೇಳಿದರು. ನಿನ್ನ ಲೆಕ್ಕ ಸರಿ ಇತ್ತಮ್ಮ, ನಾನೇ ತಪ್ಪು ತಿಳಿದಿದ್ದೆ ಎಂದರು. ಎಂಥ ವಿನಯ!'

ಈ ಸಲ ಅವರು ಬೈಯಲಿಲ್ಲ. ನಕ್ಕರು. ಅದು ಓದಲು ಶುರು ಮಾಡಿದ ನಾಲ್ಕನೇ ವರ್ಷದ ಜಗಳವಂತೆ. ಆ ಹುಡುಗಿ ತ್ರಿಭುಜದ ಲೆಕ್ಕವೊಂದನ್ನು ಮೇಷ್ಟ್ರು ಕಲಿಸದ ದಾರಿಯಲ್ಲಿ ಬಿಡಿಸಿದ್ದಳು. ಮೇಷ್ಟ್ರು ಚುಕ್ಕಿ ಇಡಲು ಬೆರಳು ಚಾಚಿದರು. ಇವರು ಕೈ ಹಿಡಿದು ಎಳೆದರು. ಸರಿ ಇದೆ ರೀ ಎಂದರು. ನಿನಗೇನು ಗೊತ್ತು ಎಂದರು ಅವರು. ಇನ್ನೊಂದು ಸಲ ಓದ್ತೀನಿ, ಕಿವಿ ಬಿಟ್ಟು ಕೇಳಿ ಎಂದರು ಇವರು. ಮೂರು ಸಲ ಓದಿದರು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಹರಿದು ಹೋಗಿತ್ತು. "ಮೂರನೇ ಸಲಕ್ಕೆ ಬೆರಳು ಹಿಂದಕ್ಕೆ ತಗೊಂಡ್ರು. ಆಮೇಲೆ, ಒಂಬತ್ತನೇ ಕ್ಲಾಸಲ್ಲಿ ನಿನ್ನ ಫೇಲ್ ಮಾಡಿದ ಕತ್ತೆ ಯಾರೇ ಅಂತ ಕೇಳಿದ್ರು." ಇದನ್ನು ಹೇಳುವಾಗ ಅವರ ಮುಖ ಅರಳಿದ್ದನ್ನು ನಾನು ನೋಡಿದೆ.

ಮೇಷ್ಟ್ರು ಒಳ್ಳೆಯವರಲ್ಲ ಎಂದು ಅವರು ಹೇಳುತ್ತಿಲ್ಲ. ಹೇಳಿಸಲು ಹೋದರೆ ನನ್ನ ಮೇಲೆಯೇ ಎಗರುತ್ತಾರೆ. ಮಗಳಿಗೆ ಎರಡು ಜಡೆ ಹಾಕುತ್ತಿದ್ದದ್ದು ಮೇಷ್ಟ್ರೇ, ಕಣ್ಣು ಹೋದ ಮೇಲೂ, ಬರೀ ಬೆರಳಿನಲ್ಲಿ, ಬೈತಲೆ ಒಂದು ಕೂದಲು ಆಚೀಚೆ ಆಗದಂತೆ. ಬೆಳ್ಳುಳ್ಳಿ ಸುಲಿಯುವುದು, ಬಟ್ಟೆ ಮಡಚುವುದು, ಇವರಿಗೆ ಜ್ವರ ಬಂದರೆ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಇಡುವುದು ಎಲ್ಲವೂ ಅವರದೇ. ಮಗಳು ಈಗ ಬೇರೆ ಊರಲ್ಲಿ ನರ್ಸು. ಅವಳ ಪಾಳಿ ಮುಗಿಯುವ ಹೊತ್ತಿಗೆ ದಿನವೂ ಫೋನು ಮಾಡುತ್ತಿದ್ದದ್ದು ಅಪ್ಪನೇ ಹೊರತು ಅಮ್ಮನಲ್ಲ.

ಹಾಗಾದರೆ ಇವರ ಸಿಟ್ಟು ಯಾವುದಕ್ಕೆ?

ಬೀಳ್ಕೊಡುಗೆ ಸಮಾರಂಭ. ಎರಡು ವರ್ಷದ ಹಿಂದಿನದು. ಇವರು ಎರಡನೇ ಸಾಲಿನಲ್ಲಿ ಕೂತಿದ್ದರು. ಮೇಷ್ಟ್ರು ಮೈಕು ಹಿಡಿದು ಮುಖ್ಯೋಪಾಧ್ಯಾಯರಿಗೆ, ಸಹೋದ್ಯೋಗಿಗಳಿಗೆ, ಗಂಟೆ ಹೊಡೆಯುವವರಿಗೆ, ತೋಟದವರಿಗೆ, ಬೋರ್ಡಿಗೆ ಕಪ್ಪು ಬಣ್ಣ ಬಳಿಯುವವರಿಗೆ ಒಬ್ಬೊಬ್ಬರಿಗೂ ಧನ್ಯವಾದ ಹೇಳಿದರು. ಕೊನೆಯಲ್ಲಿ ಹೇಳಿದರು: 'ಮನೆಯನ್ನು ನೋಡಿಕೊಂಡ ನನ್ನ ಹೆಂಡತಿಗೂ.'

"ಮನೆ! ಮನೆ ಎಲ್ಲಿ ನೋಡ್ದೆ ನಾನು? ಹನ್ನೊಂದು ವರ್ಷ ನೋಡಿದ್ದು ನೋಟ್‌ಬುಕ್ಕು. ಗಂಟೆ ಹೊಡೆಯೋರ ಹೆಸರು ಹೇಳೋಕೆ ಬಂತು, ಬಣ್ಣ ಬಳಿಯೋರ ಹೆಸರು ಹೇಳೋಕೆ ಬಂತು. ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಬಂದು ಪಕ್ಕದಲ್ಲಿ ಕೂತ್ಕೊಂಡ್ರು. ಅಲ್ಲಿ ಹೇಗೆ ಹೇಳಲಿ, ನಾನಿರೋ ತನಕ ಯಾರಿಗೂ ಹೇಳಬೇಡ ಕಣೇ ಅಂದ್ರು. ನನಗೆ ಎಷ್ಟು ಉರಿದು ಹೋಯ್ತು ಗೊತ್ತಾ? ಆದ್ರೂ ಆಯ್ತು ಅಂದೆ."

ಗುಟ್ಟನ್ನು ಇವರು ಬಿಟ್ಟುಕೊಡಲಿಲ್ಲ. ಅದನ್ನು ಕಂಡುಹಿಡಿದವರು ಹೊಸ ಮೇಡಂ. ಮೇಷ್ಟ್ರು ತೀರಿಕೊಂಡ ವಾರ ಶಾಲೆಯ ಪರವಾಗಿ ಸಂತಾಪ ಹೇಳಲು ಬಂದಿದ್ದರು. ಮೇಷ್ಟ್ರನ್ನು ಅವರು ಭೇಟಿಯಾದದ್ದೇ ಇಲ್ಲ. ಆದರೆ ಸಹೋದ್ಯೋಗಿಗಳು ಹೇಳುವ ಕಥೆಗಳನ್ನು ವರ್ಷದಿಂದ ಕೇಳುತ್ತಿದ್ದರು: ಪುಸ್ತಕ ನೋಡದೆ ಕಿಟಕಿ ಕಡೆ ತಿರುಗಿ ಲೆಕ್ಕ ಹೇಳುತ್ತಿದ್ದರು, ಮಕ್ಕಳನ್ನು ದನಿಯಿಂದಲೇ ಗುರುತಿಸುತ್ತಿದ್ದರು, ಹಾಜರಿ ಪುಸ್ತಕ ಬಾಯಿಪಾಠ. ಬೇರೆಯವರು ಅದನ್ನು ಪ್ರತಿಭೆ ಎಂದರು. ಮೇಡಂಗೆ ಅದು ತಮ್ಮದೇ ದಿನಚರಿಯ ಹಾಗೆ ಕೇಳಿಸಿತು. ಬಂದವರೆಲ್ಲ ಹೊರಟ ಮೇಲೆ ಇವರ ಕೈ ಹಿಡಿದು ಮೆಲ್ಲಗೆ ಕೇಳಿದರು: "ಅಮ್ಮ, ಮೇಷ್ಟ್ರಿಗೆ ಯಾರು ಓದಿ ಹೇಳ್ತಿದ್ರು?"

"ಇವರು ತೀರಿಹೋದಾಗ ನಾನು ಅತ್ತಿರಲಿಲ್ಲ. ಬಂದೋರಿಗೆ ಕಾಫಿ ಮಾಡೋದ್ರಲ್ಲೇ ಇದ್ದೆ. ಈ ಹುಡುಗಿ ಹಾಗೆ ಕೇಳಿದ ತಕ್ಷಣ ಕಟ್ಟೆ ಒಡೆದ ಹಾಗೆ ಅತ್ತುಬಿಟ್ಟೆ. ಇಷ್ಟು ವರ್ಷದಲ್ಲಿ ಕೇಳಿದವಳು ಇವಳೊಬ್ಬಳೇ."

ಮೇಡಂಗೂ ಓದುವವರು ಬೇಕಿತ್ತು. ಅದುವರೆಗೆ ಇಬ್ಬರು ಬಂದು ಹೋಗಿದ್ದರು. ಒಬ್ಬರಿಗೆ ಮೈನಸ್ ಗುರುತು ಕಂಡರೂ ಓದುವ ಅಭ್ಯಾಸವಿರಲಿಲ್ಲ, ಇನ್ನೊಬ್ಬರು ಮಕ್ಕಳ ತಪ್ಪನ್ನು ತಾವೇ ತಿದ್ದಿ ಓದುತ್ತಿದ್ದರು. "ಇಡೀ ಕ್ಲಾಸಿಗೆ ನೂರಕ್ಕೆ ನೂರು ಕೊಟ್ಟಿದ್ದೆ ಸಾರ್" ಎಂದು ಮೇಡಂ ಹಣೆ ಚಚ್ಚಿಕೊಳ್ಳುತ್ತಾರೆ. "ಅಮ್ಮ ಮಾತ್ರ ತಪ್ಪನ್ನ ತಪ್ಪಾಗೇ ಓದ್ತಾರೆ. ಬೈಕೊಂಡು ಓದ್ತಾರೆ, ಆದ್ರೆ ಒಂದು ಚುಕ್ಕಿ ಆಚೀಚೆ ಮಾಡಲ್ಲ." ಮೂರು ತಿಂಗಳಿಂದ ದಿನವೂ ಐದೂ ಕಾಲಿಗೆ ಬರುತ್ತಾರೆ, ಮೂವತ್ತನಾಲ್ಕು ನೋಟ್‌ಬುಕ್ಕು ಮುಗಿಸಿ ಏಳೂವರೆಯ ಬಸ್ಸು ಹಿಡಿಯುತ್ತಾರೆ.

ಈಗ ಶಾಲೆ 'ಓದುವ ಸಹಾಯಕರು' ಎಂಬ ಹುದ್ದೆಯನ್ನೇ ಮಾಡಿದೆ. ಅರ್ಜಿ ಕರೆದಿದ್ದಾರೆ. ವಯಸ್ಸಿನ ಮಿತಿ ಇಲ್ಲ, ಓದು ಇಷ್ಟೇ ಇರಬೇಕು ಎಂದಿಲ್ಲ. ಆದರೆ ದೃಷ್ಟಿ ಇಲ್ಲದ ಶಿಕ್ಷಕರಿಗೆ ಕನಿಷ್ಠ ಮೂರು ವರ್ಷ ಓದಿ ಹೇಳಿದ ಅನುಭವ ಕಡ್ಡಾಯ. ಈ ಕೆಲಸ ಬೇರೆಯವರಿಗೆ ಹೋದರೆ ಮುಂದೆ ಮೇಡಂ ಆ ಹೊಸಬರ ಜೊತೆ ಶಾಲೆಯಲ್ಲಿಯೇ ಕೂರಬೇಕು, ಈ ಮೇಜು ಖಾಲಿ. ಅರ್ಜಿಗೆ ಇವತ್ತು ಮಧ್ಯಾಹ್ನ ಹನ್ನೆರಡು ಕಡೆಯ ಗಡುವು. ಫಾರಂ ನೋಟ್‌ಬುಕ್ಕುಗಳ ಕೆಳಗೆ ಇದೆ, ಅರ್ಧ ತುಂಬಿಸಿ ನಿಲ್ಲಿಸಿದ್ದಾರೆ. ಅನುಭವದ ಕಾಲಂ ಖಾಲಿ.

ಆರೂವರೆಗೆ ಹಸಿರು ಗೇಟು ಸದ್ದಾಗುತ್ತದೆ. ಬಂದವರು ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ. ಬಸ್ ನಿಲ್ದಾಣದ ಎದುರು ಟೈರಿನ ಅಂಗಡಿ ಇಟ್ಟಿರುವ ಯುವಕ. ಇವರು ಅರ್ಜಿ ಹಾಕುತ್ತಿರುವ ಸುದ್ದಿಯೂ, ಅನುಭವದ ಕಾಲಮ್ಮಿನ ಸುದ್ದಿಯೂ, ಮೇಡಂ ಶಾಲೆಯ ಕಚೇರಿಯಲ್ಲಿ ವಿಚಾರಿಸಿದ್ದರಿಂದ, ಅವರ ಕಿವಿಗೆ ಬಿದ್ದಿದೆ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಅಮ್ಮ, ಕಾಲು ಹಿಡ್ಕೋತೀನಿ, ಅದೊಂದು ಬರೀಬೇಡಿ. ಸಂಚಿಕೆ ನಾಳೆ ಪ್ರೆಸ್ಸಿಗೆ ಹೋಗುತ್ತೆ. ಹದ್ದಿನ ಕಣ್ಣಿನ ಗುರುಗಳು ಅಂತ ಹೆಸರಿಟ್ಟಿದೀವಿ. ಮುಖಪುಟ ಆಗಿಹೋಗಿದೆ!"

"ಹದ್ದಿನ ಕಣ್ಣು ಅಂತ ಇಡೋ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕಿತ್ತಪ್ಪ."

"ಜನ ಏನಂತಾರೆ? ನಮ್ಮ ಮಾರ್ಕ್ಸಿನ ಮೇಲೆಲ್ಲ ಅನುಮಾನ ಬರಲ್ವಾ?"

"ನಿನ್ನ ಮಾರ್ಕ್ಸಿನ ಮೇಲೆ ಯಾರಿಗೂ ಅನುಮಾನ ಬರಲ್ಲ, ಹೆದರಬೇಡ. ನೂರಕ್ಕೆ ಮೂವತ್ತೊಂಬತ್ತು. ನಿನ್ನ ಏಳೂ ಒಂದೂ ನೋಡೋಕೆ ಒಂದೇ ಥರ. ಓದಿ ಓದಿ ನನ್ನ ಕಣ್ಣು ಕೆಟ್ಟಿತು."

ತಮ್ಮ ಏಳು, ಒಂದರ ವಿಷಯ ಈ ತಾಯಿಗೆ ಹೇಗೆ ಗೊತ್ತು ಎಂಬುದು ತಲೆಗೆ ಇಳಿಯಲು ಕಾರ್ಯದರ್ಶಿಗೆ ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ದನಿ ತಗ್ಗಿತು. ಬೇರೆ ದಾರಿ ಹುಡುಕಿದರು: ಆ ಕಾಲಂ ಖಾಲಿ ಬಿಡಿ, ಸಂಘದಿಂದ ಶಿಫಾರಸು ಪತ್ರ ಕೊಡುತ್ತೇವೆ, ಮೇಷ್ಟ್ರ ಹೆಂಡತಿ ಎಂದರೆ ಶಾಲೆಯಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ.

ಅಷ್ಟು ಹೊತ್ತೂ ತಮಾಷೆಯಾಗಿ ಬೈಯುತ್ತಿದ್ದವರ ಮುಖ ಒಮ್ಮೆಲೇ ಕೆಂಪಾಯಿತು. "ಮೇಷ್ಟ್ರ ಹೆಂಡತಿ ಅಂತ ಕೆಲಸ ಕೊಡ್ತಾರಾ? ನನಗೆ ಬೇಡ ಅದು. ಕರುಣೆಗೆ ಕೆಲಸ ಕೊಟ್ರೆ ಇಸ್ಕೊಳೋದಕ್ಕೆ ನಾನೇನು ಕೈಲಾಗದೋಳಾ? ನನಗೆ ಈ ಕೆಲಸ ಬರುತ್ತೆ. ಬರುತ್ತೆ ಅಂತ ಕೊಡಲಿ. ನಾನು ಆಸೆ ಪಡ್ತಿರೋದು ಅಷ್ಟೇ, ಅದಕ್ಕಿಂತ ಒಂದು ಎಳ್ಳು ಜಾಸ್ತಿ ಬೇಡ."

"ಮೇಷ್ಟ್ರು ಇದ್ದಿದ್ರೆ ಒಪ್ತಿದ್ರಾ ಅಮ್ಮ?" ಕಾರ್ಯದರ್ಶಿ ಕಡೆಯ ಬಾಣ ಬಿಟ್ಟರು.

ಮೇಡಂ ತಲೆ ತಗ್ಗಿಸಿದರು. ನನಗೆ ಆ ಯುವಕನ ಮೇಲೆ ಕೋಪ ಬಂತು, ನಿಜ ಹೇಳಬೇಕೆಂದರೆ ಆ ಸತ್ತ ಮೇಷ್ಟ್ರ ಮೇಲೂ ಬಂತು.

"ನಾನಿರೋ ತನಕ ಹೇಳಬೇಡ ಅಂದಿದ್ರು" ಎಂದರು ಅವರು, ಯಾರ ಮುಖವನ್ನೂ ನೋಡದೆ. "ಇದ್ದ ತನಕ ಹೇಳಲಿಲ್ಲ. ನಾನು ಮಾತಿಗೆ ತಪ್ಪಿಲ್ಲ."

ಆಮೇಲೆ ಮಗಳಿಗೆ ಫೋನು ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನಮಗೆಲ್ಲ ಕೇಳಿಸಿತು. ಮಗಳು ಪಾಳಿ ಮುಗಿಸಿ ದಣಿದಿದ್ದಳು. "ಬರಿಯಮ್ಮ. ಅಪ್ಪ ಹೆದರ್ಕೊಂಡೇ ಹೋದ್ರು. ನೀನೂ ಹೆದರ್ಕೊಂಡೇ ಕೂರಬೇಡ" ಎಂದಳು. ಕಾರ್ಯದರ್ಶಿ ಮುಖಪುಟದ ಬಗ್ಗೆ ಏನೋ ಗೊಣಗುತ್ತ, ಪ್ರೆಸ್ಸಿನವರಿಗೆ ಫೋನು ಮಾಡಬೇಕು ಎನ್ನುತ್ತ ಅಂಗಳಕ್ಕೆ ಇಳಿದರು. ಹೋಗುವ ಮೊದಲು ತಿರುಗಿ ನಿಂತು, "ನನ್ನ ಒಂದು, ಏಳು ಈಗಲೂ ಹಾಗೇ ಇದೆ ಅಮ್ಮ" ಎಂದರು.

ನನ್ನ ಲೇಖನದ ಗತಿಯೇನು ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬರ್ಕೊಳಿ. ಅವರು ಮೋಸಗಾರ ಅಂತ ಬರೀಬೇಡಿ, ದೇವರು ಅಂತಾನೂ ಬರೀಬೇಡಿ. ಒಳ್ಳೆ ಮೇಷ್ಟ್ರು, ಹೆದರುಪುಕ್ಕಲು. ನನ್ನ ವಿಷಯಕ್ಕೆ ತ್ಯಾಗ ಗೀಗ ಅಂತ ಏನಾದ್ರೂ ಬರೆದ್ರೋ, ನಿಮ್ಮ ಆಫೀಸಿಗೇ ಬರ್ತೀನಿ."

ಏಳೂ ಕಾಲಿಗೆ ಮೂವತ್ತನಾಲ್ಕನೇ ನೋಟ್‌ಬುಕ್ಕು ಮುಗಿಯಿತು. ಫಾರಂ ಎಳೆದುಕೊಂಡರು. ಬರೆಯುತ್ತ ಹೋದ ಹಾಗೆ, ಅಭ್ಯಾಸಬಲದಿಂದ, ಮೇಡಂಗೆ ಜೋರಾಗಿ ಓದಿ ಹೇಳುತ್ತಲೂ ಹೋದರು. ಅನುಭವ: ಹನ್ನೊಂದು ವರ್ಷ. ವಿಷಯ: ಗಣಿತ. ಯಾರ ಬಳಿ ಎಂಬಲ್ಲಿ ಗಂಡನ ಪೂರ್ತಿ ಹೆಸರು, ಹುದ್ದೆ, ಶಾಲೆ.

ಮುಂದಿನ ಕಾಲಮ್ಮಿಗೆ ಬಂದು ನಿಂತರು. "ಹಿಂದಿನ ಕೆಲಸ ಬಿಡಲು ಕಾರಣ," ಎಂದು ಓದಿದರು. ಮತ್ತೊಮ್ಮೆ ಓದಿದರು. ಪೆನ್ನು ಮೇಲೆತ್ತಿ ನನ್ನ ಕಡೆ ತಿರುಗಿದರು, ಈ ಫಾರಂ ಅಚ್ಚು ಹಾಕಿಸಿದವನು ನಾನೇ ಏನೋ ಎಂಬಂತೆ.

"ಇದೇನ್ರೀ ಇದು? ನಾನೆಲ್ಲಿ ಬಿಟ್ಟೆ?"

ಅವರು ಬಗ್ಗಿ, ದುಂಡಗಿನ ಅಕ್ಷರದಲ್ಲಿ, ಒಂದೊಂದೇ ಪದವನ್ನು ಜೋರಾಗಿ ಹೇಳುತ್ತ ಬರೆದರು: "ನಾನು ಬಿಡಲಿಲ್ಲ. ಅವರೇ ಬಿಟ್ಟು ಹೋದರು."